ಲಂಡನ್ ಯಾತ್ರೆಯ ಮುಡಿಪು: ಕನ್ನಡ ಪ್ರವಾಸಗ್ರಂಥಗಳ ವಿಚಾರ

ಮಲೆಯ ಮಾದೇಶ್ವರನ ಬೆಟ್ಟಕ್ಕೆ ಹೊರಡುವ ಒಕ್ಕಲು ಮನೆಯಲ್ಲಿ ಮೊದಲು ನಡೆಯುವ ಕಾರ್ಯ ಮುಡಿಪು ಕಟ್ಟುವುದು. ಕಾಣಿಕೆಯ ಹಣವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟಮೇಲೆ ಬುತ್ತಿಯ ಯೋಚನೆ, ಜೊತೆಗಾರರ ಯೋಚನೆ, ದಾರಿಯ ಯೋಚನೆ. ಏತಕ್ಕಾಗಿ ಹೋಗುವುದೆಂಬುದು ಮೊದಲು ನಿಶ್ಚಯವಾಗಿ, ಹೇಗೆ ಹೋಗುವುದೆಂಬುದು ಆಮೇಲೆ ಗೊತ್ತಾಗಬೇಕೆಂಬುದೇ ಈ ಕ್ರಮದ ಮರ್ಮ. ಮುಡಿಪಿಲ್ಲದೆ ಹೋದವನು ಬೆಟ್ಟ ಹತ್ತಿ ಇಳಿದನೆನ್ನಬಹುದೇ ಹೊರತು ಯಾತ್ರೆ ಮಾಡಿದನೆಂದು ಹಿರಿಯರು ಒಪ್ಪುವುದಿಲ್ಲ.

ಇದೇ ಸೀಮೆಯ ಮನೆಗಳಲ್ಲಿ ಈಚೆಗೆ ಬೇರೊಂದು ಯಾತ್ರೆಯ ಸಿದ್ಧತೆ ನಡೆಯುತ್ತಿರುವುದುಂಟು. ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಓದುಬರೆಹವುಳ್ಳ ಕುಟುಂಬಗಳ ಮಕ್ಕಳು ಕೆಲವರು ಇಂಗ್ಲೆಂಡಿನಲ್ಲಿ ನೆಲಸಿದ್ದಾರೆ. ಒಂದು ಬಾರಿ ಬಂದು ಹೋಗಿರೆಂದು ತಂದೆತಾಯಿಗಳಿಗೆ ಅಲ್ಲಿಂದ ಕರೆ ಬರುತ್ತದೆ. ಬೆಂಗಳೂರಿಗೆ ಹೋಗಿ ವೀಸಾದ ಕೆಲಸವನ್ನು ಮುಗಿಸುವುದು, ಉಣ್ಣೆಯ ಬಟ್ಟೆ ಕೊಳ್ಳುವುದು, ಚಟ್ನಿಪುಡಿ ಸಾರಿನಪುಡಿಗಳನ್ನು ಕಟ್ಟಿಕೊಳ್ಳುವುದು, ಗುಳಿಗೆಗಳ ಜೊತೆಗೆ ವೈದ್ಯರ ಚೀಟಿಯನ್ನು ಇಟ್ಟುಕೊಳ್ಳುವುದು, ಇವೆಲ್ಲವೂ ಕ್ರಮವಾಗಿ ನಡೆಯುತ್ತವೆ. ಲಂಡನ್ ನಗರದಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮಾತ್ರ ಮಕ್ಕಳೇ ಯಾವುದೋ ಇಂಗ್ಲಿಷ್ ಕೈಪಿಡಿಯಿಂದ ತೆಗೆದು ಇಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಹೊರಡುವವರ ಪಾಲು ಏನೂ ಇಲ್ಲ. ನಲವತ್ತು ವರ್ಷ ಕನ್ನಡ ಕಾವ್ಯವನ್ನು ಪಾಠ ಹೇಳಿದ ಉಪಾಧ್ಯಾಯರಾಗಲಿ, ವಚನಗಳನ್ನು ಬಾಯಿಗೆ ಕಲಿತ ಗೃಹಿಣಿಯಾಗಲಿ ಆ ಮಹಾನಗರದ ಬೀದಿಗಳಲ್ಲಿ ಮಕ್ಕಳ ಹಿಂದೆ ಸಾಮಾನಿನ ಗಂಟಿನಂತೆ ಸಾಗಿ, ಗಡಿಯಾರದ ಗೋಪುರದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಊರಿಗೆ ಹಿಂದಿರುಗುತ್ತಾರೆ. ಬಹುಮಂದಿಗೆ ಇದು ಜೀವಮಾನದಲ್ಲಿ ಒಂದೇ ಬಾರಿ ದೊರೆಯುವ ಅವಕಾಶ. ಆದಕಾರಣ ಇಂಥವರ ಕೈಗೆ ಕನ್ನಡದ ಪ್ರವಾಸಗ್ರಂಥಗಳು ಏನನ್ನು ಕೊಟ್ಟಿವೆ, ಏನನ್ನು ಕೊಟ್ಟಿಲ್ಲ ಎಂಬ ವಿಚಾರವು ಕೇವಲ ಸಾಹಿತ್ಯಪ್ರಕಾರವೊಂದರ ವಿಚಾರವಾಗಿ ಉಳಿಯದು. ಕನ್ನಡದಲ್ಲಿ ಓದಿ ಬೆಳೆದ ಮನಸ್ಸು ಹೊರಜಗತ್ತನ್ನು ತನ್ನ ಕಣ್ಣಿನಿಂದಲೇ ನೋಡಬಲ್ಲುದೆ, ಇಲ್ಲವೆ ಆ ಕಣ್ಣನ್ನೂ ಎರವಲು ತರಬೇಕೆ ಎಂಬುದು ಇಲ್ಲಿಯ ಪ್ರಶ್ನೆ.

ಇಂಗ್ಲೆಂಡಿಗೆ ಹೋದ ಕನ್ನಡ ಲೇಖಕರಲ್ಲಿ ವಿನಾಯಕ ಕೃಷ್ಣ ಗೋಕಾಕರ ಉದಾಹರಣೆ ಮುಖ್ಯವಾದುದು. ಅವರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ೧೯೩೮ರಲ್ಲಿ ಹಿಂದಿರುಗಿದರು. ‘ಸಮುದ್ರದಾಚೆಯಿಂದ’ ಎಂಬುದು ಆ ವಾಸದ ಫಲವಾದ ಗದ್ಯ. ೧೯೪೦ರಲ್ಲಿ ಬಂದ ‘ಸಮುದ್ರಗೀತೆಗಳು’ ಆ ಪಯಣದಿಂದ ಹುಟ್ಟಿದ ಕಾವ್ಯ. ಹಡಗಿನ ಪ್ರಯಾಣ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ದಡ ಬಿಟ್ಟುದಕ್ಕೂ ದಡ ಸೇರುವುದಕ್ಕೂ ನಡುವೆ ಮನಸ್ಸು ಸಿದ್ಧವಾಗುವುದಕ್ಕೆ ಬೇಕಾದಷ್ಟು ಅವಕಾಶವಿತ್ತು. ಇಂದು ಬೆಂಗಳೂರಿನಲ್ಲಿ ಏರಿದವರು ಸುಮಾರು ಹತ್ತು ಗಂಟೆಗಳಲ್ಲಿ ಲಂಡನ್ನಿನಲ್ಲಿ ಇಳಿಯುತ್ತಾರೆ. ಕಡಲು ಮಾಡಿಕೊಡುತ್ತಿದ್ದ ಸಿದ್ಧತೆಯನ್ನು ಈಗ ಮನೆಯಲ್ಲಿಯೇ ಮಾಡಿಕೊಳ್ಳಬೇಕಾಗಿದೆ. ಗೋಕಾಕರ ಯಾತ್ರೆಗೆ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗವೆಂಬ ಸ್ಪಷ್ಟವಾದ ಮುಡಿಪು ಇತ್ತು. ಅವರು ಅಲ್ಲಿಂದ ತಂದುದು ಕಡಲಿನ ಏರಿಳಿತಕ್ಕೆ ಹೊಂದುವ ಮುಕ್ತವಾದ ಲಯ. ಪ್ರವಾಸವೊಂದು ಭಾಷೆಯ ಛಂದಸ್ಸಿನ ಮೇಲೆಯೇ ತನ್ನ ಗುರುತನ್ನು ಬಿಟ್ಟಿತೆಂದರೆ ಅದಕ್ಕಿಂತ ಹೆಚ್ಚಿನ ಸಾಫಲ್ಯವನ್ನು ಬಯಸುವಂತಿಲ್ಲ.

ಎರಡನೆಯದು ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’. ೧೯೫೦ರ ದಶಕದಲ್ಲಿ ಕಾರಂತರು ಯೂರೋಪಿನಲ್ಲಿ ಸಂಚರಿಸಿ ಬರೆದ ಗ್ರಂಥವಿದು. ಹೆಸರಿನಲ್ಲಿಯೇ ಒಂದು ಶ್ಲೇಷವಿದೆ: ಹಿಂದೆಂದೂ ಕಾಣದುದು ಅಪೂರ್ವ, ಪೂರ್ವವಲ್ಲದುದೂ ಅಪೂರ್ವವೇ. ಬೆರಗು, ವಿವೇಕ ಎರಡೂ ಈ ಒಂದು ಪದದಲ್ಲಿ ಕೂಡಿವೆ. ೧೯೦೨ರಲ್ಲಿ ಹುಟ್ಟಿದ ಕಾರಂತರು ಐವತ್ತರ ಹತ್ತಿರದಲ್ಲಿ ಪಶ್ಚಿಮಕ್ಕೆ ಹೋದರು. ಅಷ್ಟು ಹೊತ್ತಿಗೆ ಯಕ್ಷಗಾನದ ಕುಣಿತವನ್ನೂ ಕರಾವಳಿಯ ಬದುಕನ್ನೂ ಹತ್ತಿರದಿಂದ ಕಂಡು, ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿ, ಅವರ ಕಣ್ಣು ಪಳಗಿದ್ದಿತು. ಮುಂದೆ ‘ಕಲಾಪ್ರಪಂಚ’ವನ್ನು ಬರೆದವರೂ ಅವರೇ. ಹೊಸ ಊರಿನಲ್ಲಿ ಯಾವುದು ದೊಡ್ಡದೆಂದು ಇನ್ನೊಬ್ಬರಿಂದ ಕೇಳಿ ತಿಳಿಯುವ ಅಗತ್ಯ ಅವರಿಗಿರಲಿಲ್ಲ. ಕೈಪಿಡಿಯು ಹೊಗಳಿದುದನ್ನು ತಾನೂ ಹೊಗಳಬೇಕೆಂಬ ಕಟ್ಟಿಗೆ ಇಂಥ ಬರೆಹಗಾರನು ಒಳಗಾಗನು. ವಾಚಕನು ಇದರಿಂದ ಕಲಿಯಬೇಕಾದುದು ಸ್ಥಳಗಳ ಹೆಸರನ್ನಲ್ಲ, ಆ ಸ್ವಾತಂತ್ರ್ಯವನ್ನು.

ಇವರ ತರುವಾಯ ಬಂದ ಪ್ರವಾಸಗ್ರಂಥಗಳ ಸಂಖ್ಯೆ ದೊಡ್ಡದು. ಅವುಗಳಲ್ಲಿ ಗುಣವಿರುವುವೂ ಉಂಟು. ಆದರೆ ಬಹುಪಾಲು ಗ್ರಂಥಗಳ ನಡೆ ಒಂದೇ ಅಚ್ಚಿನದು. ವಿಮಾನ ಹತ್ತಿದ ವರ್ಣನೆಗೆ ಒಂದು ಅಧ್ಯಾಯ. ಚಳಿ, ಸಸ್ಯಾಹಾರದ ತೊಂದರೆ, ಬೀದಿಗಳ ಶುಚಿತ್ವ, ಜನರ ಕಾಲನಿಷ್ಠೆ, ಇವುಗಳಿಗೆ ಒಂದೊಂದು ಅಧ್ಯಾಯ. ನಡುನಡುವೆ ಕಟ್ಟಡಗಳ ಎತ್ತರ, ಕಟ್ಟಿದ ವರ್ಷ, ಪ್ರವೇಶಧನ. ಕಡೆಯಲ್ಲಿ ಸ್ವದೇಶದ ಅವ್ಯವಸ್ಥೆಯನ್ನು ಕುರಿತ ನಿಟ್ಟುಸಿರು, ಇಲ್ಲವೆ ಸ್ವದೇಶದ ಮಹಿಮೆಯನ್ನು ಕುರಿತ ಜಯಘೋಷ. ಇಂಥ ಗ್ರಂಥವನ್ನು ಓದಿ ಮುಗಿಸಿದವನಿಗೆ ಲೇಖಕರ ಕ್ಷೇಮಸಮಾಚಾರ ತಿಳಿಯುತ್ತದೆ, ಲಂಡನ್ ತಿಳಿಯುವುದಿಲ್ಲ. ದೋಷವು ಬರೆವಣಿಗೆಯದೆಂದು ತೋರಿದರೂ ಅದರ ಬೇರು ಹೊರಡುವ ಮುನ್ನದ ದಿನಗಳಲ್ಲಿದೆ. ಮುಡಿಪು ಕಟ್ಟದೆ ಹೊರಟವನಿಗೆ ದಾರಿಯಲ್ಲಿ ಕಂಡುದೆಲ್ಲವೂ ಸಮವಾಗಿ ಕಾಣುತ್ತದೆ. ಸಮವಾಗಿ ಕಂಡುದನ್ನು ಪಟ್ಟಿ ಮಾಡುವುದಲ್ಲದೆ ಬೇರೇನು ಮಾಡಬಲ್ಲನು?

ಈ ಗ್ರಂಥಗಳಲ್ಲಿ ಕೊರತೆಯಾಗಿರುವುದು ಮೊದಲನೆಯದಾಗಿ ಅಳತೆ. ಸೇಂಟ್ ಪಾಲ್ಸ್ ಪ್ರಧಾನ ದೇವಾಲಯವು ೧೬೭೫ರಿಂದ ೧೭೧೦ರ ವರೆಗೆ ಕಟ್ಟಲ್ಪಟ್ಟಿತೆಂದು ಬರೆದರೆ ಚಾಮರಾಜನಗರದ ವಾಚಕನಿಗೆ ಅದು ಬರಿಯ ಅಂಕೆ. ೧೬೬೬ರ ಮಹಾ ಅಗ್ನಿಯಲ್ಲಿ ಹಳೆಯ ಲಂಡನ್ ಸುಟ್ಟಮೇಲೆ ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿ ಅದನ್ನು ಕಟ್ಟುತ್ತಿದ್ದ ದಿನಗಳಲ್ಲಿ ಮೈಸೂರಿನ ಗದ್ದುಗೆಯ ಮೇಲಿದ್ದವನು ಚಿಕ್ಕದೇವರಾಜ ಒಡೆಯ. ಅವನ ಆಳ್ವಿಕೆ ೧೬೭೩ರಿಂದ ೧೭೦೪ರ ವರೆಗೆ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ತನ್ನ ತಂದೆಯ ಸ್ಮರಣೆಗಾಗಿ ಕಟ್ಟಿಸಿದವನು ಅವನೇ ಎನ್ನುತ್ತಾರೆ. ಯಳಂದೂರಿನ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದುದು ಅವನ ಆಸ್ಥಾನದಲ್ಲಿ. ಅಂದರೆ ಥೇಮ್ಸ್ ನದಿಯ ದಡದಲ್ಲಿ ಆ ಗುಮ್ಮಟ ಏಳುತ್ತಿದ್ದ ತಲೆಮಾರಿನಲ್ಲಿಯೇ ಅರಮನೆಯಲ್ಲಿ ಅಡಕೆಲೆಯ ಸಂಚಿ ಹಿಡಿದು ಸೇವೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಹೆಣ್ಣಿನ ಬಾಳನ್ನು ಕುರಿತು ಕಾವ್ಯ ಕಟ್ಟುತ್ತಿದ್ದಳು. ಈ ಮಾತನ್ನು ಒಮ್ಮೆ ಹೇಳಿದರೆ ಸಾಕು. ವಾಚಕನಿಗೆ ಆ ಗುಮ್ಮಟದ ವಯಸ್ಸು ಮರೆಯುವುದಿಲ್ಲ.

ಇಂಥ ಅಳತೆಗೋಲುಗಳು ಈ ಜಿಲ್ಲೆಯಲ್ಲಿಯೂ ನೆರೆಯಲ್ಲಿಯೂ ಬೇಕಾದಷ್ಟಿವೆ. ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ೧೬೬೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಯಳಂದೂರಿನ ಮಠದೊಡನೆ ಸಂಬಂಧವಿದ್ದ ಷಡಕ್ಷರದೇವನು ‘ರಾಜಶೇಖರ ವಿಳಾಸ’ವನ್ನು ರಚಿಸಿದುದು ಅದಕ್ಕೆ ಸ್ವಲ್ಪವೇ ಹಿಂದೆ. ಮೂರನೆಯ ಹೆನ್ರಿ ದೊರೆಯು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯನ್ನು ಹೊಸದಾಗಿ ಕಟ್ಟಿಸತೊಡಗಿದುದು ೧೨೪೫ರಲ್ಲಿ. ಸೋಮನಾಥಪುರದ ಕೇಶವ ದೇವಾಲಯ ೧೨೫೮ರದು. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆ ಸ್ಥಾಪನೆಯಾದುದು ೧೮೨೪ರಲ್ಲಿ. ಅರಿಕುಠಾರವೆಂಬ ಹಳೆಯ ಹೆಸರು ಕಳೆದು ಚಾಮರಾಜನಗರವಾದ ಊರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿನಲ್ಲಿ ಚಾಮರಾಜೇಶ್ವರನನ್ನು ನೆಲೆಗೊಳಿಸಿದುದು ೧೮೨೬ರಲ್ಲಿ. ಒಂದು ಕಡೆ ನಾಡಿನ ಹಣದಿಂದ ಕೊಂಡ ಚಿತ್ರಗಳನ್ನು ಸಾಮಾನ್ಯರ ಮುಂದೆ ತೆರೆದಿಟ್ಟರು. ಇನ್ನೊಂದು ಕಡೆ ದೊರೆಯು ಪಿತೃಋಣವನ್ನು ಶಿಲೆಯಲ್ಲಿ ಸಲ್ಲಿಸಿದನು. ಎರಡರ ಅಂತರವನ್ನು ಯೋಚಿಸುತ್ತ ಚಿತ್ರಶಾಲೆಯ ಮೆಟ್ಟಿಲನ್ನು ಹತ್ತುವವನು ಪಟ್ಟಿಯ ಪ್ರವಾಸಿಯಾಗಿ ಉಳಿಯನು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಾಳುಬಿದ್ದ ರಾಜಧಾನಿಯೊಂದನ್ನು ಇತಿಹಾಸದ ನೆನಪಿನೊಡನೆ ನಡೆದು ನೋಡುವುದನ್ನು ಕನ್ನಡಕ್ಕೆ ಕಲಿಸಿತು. ಬಾಳುತ್ತಿರುವ ರಾಜಧಾನಿಗೆ ಹೋದ ಲೇಖಕರು ಆ ಪಾಠವನ್ನು ಮರೆತುದು ಆಶ್ಚರ್ಯ.

ಎರಡನೆಯ ಕೊರತೆ ಸಂಬಂಧದ ಅರಿವು. ಲಂಡನ್ ಈ ಸೀಮೆಗೆ ಅಪರಿಚಿತವಾದ ಊರಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಅಲ್ಲಿಂದ ಹೋದ ಮರದ ಹುಲಿ, ಬಿಳಿಯ ಸಿಪಾಯಿಯ ಮೇಲೆ ಎರಗಿ ಗರ್ಜಿಸುವ ಟಿಪ್ಪುವಿನ ಯಂತ್ರದ ಹುಲಿ, ೧೮೦೮ರಲ್ಲಿ ಕಂಪೆನಿಯ ಕಚೇರಿಯ ಸಂಗ್ರಹಾಲಯದಲ್ಲಿ ಜನರ ನೋಟಕ್ಕೆ ಬಂದಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬಂಡೀಪುರದ ಕಾಡಿನ ಅಂಚಿನಲ್ಲಿ ಬಾಳುವ ಗುಂಡ್ಲುಪೇಟೆಯವನಿಗೆ ಹುಲಿಯೆಂದರೆ ನೆರೆಯ ಪ್ರಾಣಿ. ದೊರೆಯೊಬ್ಬನು ಅದನ್ನು ತನ್ನ ಲಾಂಛನವಾಗಿ ಆರಿಸಿಕೊಂಡುದರ ಅರ್ಥವನ್ನು ಅವನಷ್ಟು ಬಲ್ಲವರು ಆ ಸಂಗ್ರಹಾಲಯಕ್ಕೆ ಬರುವವರಲ್ಲಿ ಎಷ್ಟು ಮಂದಿ?

ಬೆಂಜಮಿನ್ ಲೂಯಿಸ್ ರೈಸರ ಸಂಗತಿಯಾದರೋ ಇನ್ನೂ ಹತ್ತಿರದ್ದು. ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ವಿದ್ವಾಂಸರು ಊರೂರಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳ ಶಾಸನಗಳು ೧೮೯೮ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿವೆ. ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲು ಮಾತನಾಡುವಂತೆ ಮಾಡಿದ ಆ ಕೈ ಕಡೆಗೆ ವಿಶ್ರಮಿಸಿದುದು ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಎಂಬಲ್ಲಿ, ೧೯೨೭ರಲ್ಲಿ. ಹ್ಯಾರೋ ಇಂದು ಮಹಾನಗರದ ಒಳಗೇ ಸೇರಿಹೋಗಿದೆ. ಮಕ್ಕಳ ಮನೆ ಅದೇ ಬಡಾವಣೆಯಲ್ಲಿದ್ದರೂ ಇರಬಹುದು. ತಂದೆತಾಯಿಗಳಿಗೆ ಈ ವಿಷಯವನ್ನು ಹೇಳುವ ಕನ್ನಡ ಪ್ರವಾಸಗ್ರಂಥ ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ಪಾರ್ಲಿಮೆಂಟು ಭವನದ ಎದುರು ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಈಚಿನ ಲೇಖಕರು ಸ್ಮರಿಸುತ್ತಾರೆ, ಮಾಲೆ ಹಾಕಿದುದನ್ನೂ ಬರೆಯುತ್ತಾರೆ. ಆದರೆ ಆಳುವವರನ್ನು ಪ್ರಶ್ನಿಸುವ ಸಭೆಯೊಂದು ನದಿಯ ಆ ದಡದಲ್ಲಿ, ಜಾತಿಯ ಮೇಲುಕೀಳನ್ನು ಪ್ರಶ್ನಿಸಿದ ವಚನಕಾರನು ಈ ದಡದಲ್ಲಿ, ನಡುವೆ ನಿಂತ ಕನ್ನಡಿಗನಿಗೆ ಏನು ತೋಚಬೇಕು ಎಂಬ ಕಡೆಗೆ ಅವರ ಲೇಖನಿ ಹೋಗುವುದು ಅಪರೂಪ.

ಇಂಥ ಸಿದ್ಧತೆಯ ಸಾಹಿತ್ಯ ಭಾರತದಲ್ಲಿ ಇಲ್ಲದೆ ಇಲ್ಲ. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಕ್ಕುವ ಮಲೆಯಾಳ ನಾಡಿನಲ್ಲಿ ೧೮ನೆಯ ಶತಮಾನದಲ್ಲಿಯೇ ‘ವರ್ತಮಾನಪ್ಪುಸ್ತಕಂ’ ಹುಟ್ಟಿತು. ಪಾರೆಮ್ಮಾಕ್ಕಲ್ ತೋಮಾ ಕತ್ತನಾರ್ ಎಂಬ ಸುರಿಯಾನಿ ಕ್ರೈಸ್ತ ಪಾದ್ರಿ ೧೭೭೮ರಲ್ಲಿ ಹೊರಟು, ಲಿಸ್ಬನ್ನಿನ ಮಾರ್ಗವಾಗಿ ರೋಮ್ ನಗರವನ್ನು ಸೇರಿ, ೧೭೮೬ರಲ್ಲಿ ಹಿಂದಿರುಗಿದ ವೃತ್ತಾಂತವದು. ೧೯೩೬ರ ವರೆಗೆ ಅದು ಅಚ್ಚು ಕಾಣಲಿಲ್ಲ. ತನ್ನ ಜನರ ಅಹವಾಲನ್ನು ಪೋಪರ ಮುಂದಿಡುವುದೇ ಅವನ ಮುಡಿಪು. ಆದುದರಿಂದ ಅವನ ಕಣ್ಣಿಗೆ ರೋಮ್ ಬರಿಯ ವೈಭವವಾಗಿ ಕಾಣದೆ ನ್ಯಾಯ ಸಿಕ್ಕುವ ಅಥವಾ ಸಿಕ್ಕದ ಸ್ಥಳವಾಗಿ ಕಂಡಿತು. ಇನ್ನೊಂದು ಉದಾಹರಣೆ ಗಾಂಧಿಯವರದು. ೧೮೮೮ರಲ್ಲಿ, ಸಮುದ್ರ ದಾಟಿದರೆ ಜಾತಿಯಿಂದ ಹೊರಗೆಂಬ ಕಟ್ಟಳೆಯನ್ನು ಎದುರಿಸಿ ಲಂಡನ್ನಿಗೆ ಹೋದ ಅವರು, ಹಿಂದಿರುಗಿದ ಕೆಲವು ವರ್ಷಗಳಲ್ಲಿ ಆ ನಗರಕ್ಕೆ ಹೊರಡುವ ವಿದ್ಯಾರ್ಥಿಗಳಿಗಾಗಿ ಕೈಪಿಡಿಯೊಂದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರು. ಬಟ್ಟೆಬರೆ, ಊಟ, ಖರ್ಚು ಎಲ್ಲವನ್ನೂ ಲೆಕ್ಕಹಾಕಿದ ಆ ಬರೆಹ ಮೊದಲು ಎತ್ತುವ ಪ್ರಶ್ನೆ ಯಾರು ಹೋಗಬೇಕು ಎಂಬುದು. ಲೆಕ್ಕದ ಪುಸ್ತಕದಂತೆ ತೋರುವ ಕೃತಿಯಲ್ಲಿಯೂ ಉದ್ದೇಶವೇ ಮೊದಲ ಸ್ಥಾನ ಪಡೆಯಿತು.

ಇದಕ್ಕೆ ಆಕ್ಷೇಪವೊಂದು ಬರಬಹುದು. ಹೊಸದನ್ನು ನೋಡಲು ಹೋಗುವವನು ಮನೆಯ ಹೊರೆಯನ್ನು ಏಕೆ ಹೊರಬೇಕು? ಎಲ್ಲಕ್ಕೂ ಯಳಂದೂರಿನ ಕೋಲನ್ನೇ ಹಿಡಿದು ಅಳೆಯುವವನು ಲಂಡನ್ನನ್ನು ಕಂಡಂತಾಯಿತೆ? ಆಕ್ಷೇಪ ಬಲವಾದುದೇ. ೧೯೦೨ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೋದ ಜಯಪುರದ ಮಹಾರಾಜ ಮಾಧೋಸಿಂಗರು ಬೃಹತ್ತಾದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿ ಹಡಗಿನಲ್ಲಿ ಕೊಂಡೊಯ್ದರು. ಮನೆಯ ನೀರನ್ನು ಕೊಂಡೊಯ್ಯುವುದು ಬೇರೆ, ಮನೆಯಲ್ಲಿ ಪಳಗಿದ ಕಣ್ಣನ್ನು ಕೊಂಡೊಯ್ಯುವುದು ಬೇರೆ. ಮೊದಲನೆಯದು ಪರಸ್ಥಳವನ್ನು ಮುಟ್ಟದಿರುವ ಉಪಾಯ. ಎರಡನೆಯದು ಅದನ್ನು ಮುಟ್ಟುವ ಉಪಾಯ. ಹೋಲಿಕೆಯು ಜಂಬಕ್ಕೆ ತಿರುಗಿದರೆ ಕೆಡುವುದು ನಿಜ. ಆದರೆ ನಿಷ್ಪಕ್ಷಪಾತವಾದ ಅಳತೆ ತನ್ನ ಮನೆಯ ಕುಂದನ್ನೂ ತೋರಿಸುತ್ತದೆ. ಬ್ರಿಟಿಷ್ ಮ್ಯೂಸಿಯಮ್ ೧೭೫೯ರಿಂದ ಸಾಮಾನ್ಯರಿಗೆ ತೆರೆದಿದೆ. ಅದರ ಸಾಮಾನ್ಯ ಸಂಗ್ರಹಕ್ಕೆ ಪ್ರವೇಶಧನವಿಲ್ಲ. ಅದನ್ನು ನೋಡಿಬಂದವನು ನರಸಮಂಗಲದ ರಾಮೇಶ್ವರ ದೇವಾಲಯದಲ್ಲಿ ಗಂಗರ ಕಾಲದ ಗಾರೆಯ ಶಿಲ್ಪಗಳಿವೆಯೆಂಬುದನ್ನು ಚಾಮರಾಜನಗರದ ಎಷ್ಟು ಮನೆಗಳು ಬಲ್ಲವು, ಎಷ್ಟು ಮಂದಿ ಅಲ್ಲಿಗೆ ಹೋಗಿದ್ದಾರೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ. ಪರಸ್ಥಳದ ಆ ವಸ್ತುಗಳಲ್ಲಿ ಎಷ್ಟೋ ದಂಡಯಾತ್ರೆಯ ಕೊಳ್ಳೆಯೆಂಬುದನ್ನು ಮರೆಯದೆಯೇ, ಕಾಪಾಡುವ ಶ್ರದ್ಧೆಯನ್ನು ಕಲಿಯುವುದು ಸಾಧ್ಯ.

ಆದುದರಿಂದ ಕನ್ನಡದಲ್ಲಿ ಇನ್ನು ಮುಂದೆ ಹುಟ್ಟಬೇಕಾದ ಲಂಡನ್ ಗ್ರಂಥವು ಸ್ಥಳಗಳನ್ನು ಹೆಚ್ಚಿಸುವ ಬದಲು ಕಡಮೆ ಮಾಡಬೇಕು. ಒಂದು ದಿನಕ್ಕೆ ಒಂದು ಸ್ಥಳ, ಅದಕ್ಕೆ ಊರಿನಲ್ಲಿ ಮಾಡಿಕೊಳ್ಳಬೇಕಾದ ಓದು, ಹೋಗುವ ಮುನ್ನ ನೋಡಿಬರಬೇಕಾದ ಸ್ವಂತ ಜಿಲ್ಲೆಯ ಗುಡಿಯೋ ಶಾಸನವೋ, ಹೀಗೆ ಜೋಡಿಸಿದ ಪುಸ್ತಕ ನೂರು ಪುಟವಿದ್ದರೂ ಸಾಕು. ಕೆಲಸಕ್ಕೆ ಬರುವ ಮಾತುಗಳನ್ನೂ ಅದು ಬಿಡಬಾರದು. ಚಾಮರಾಜನಗರದಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಮೀರುತ್ತದೆ, ಡಿಸೆಂಬರಿನಲ್ಲಿ ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಮೊಣಕಾಲಿನ ನೋವಿರುವ ಹಿರಿಯರು ಯಾವ ಋತುವಿನಲ್ಲಿ ಹೊರಟು ದಿನಕ್ಕೆ ಎಷ್ಟು ನಡೆಯಬೇಕೆಂಬುದು ಇದರಿಂದಲೇ ನಿಶ್ಚಯವಾಗಬೇಕು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಸಾಮಾನ್ಯ ಪ್ರವೇಶಕ್ಕೂ ಹಣವಿಲ್ಲವಾದುದರಿಂದ ಒಂದೇ ಸ್ಥಳಕ್ಕೆ ಎರಡು ಮೂರು ಬಾರಿ ಹೋಗಬಹುದು. ಮೊದಲ ಬಾರಿ ಕಂಡು ಬೆರಗಾದುದನ್ನು ಎರಡನೆಯ ಬಾರಿ ಕುಳಿತು ನೋಡಬಹುದು. ಕೈಪಿಡಿಗಳು ಇದನ್ನು ಹೇಳುವುದಿಲ್ಲ, ಏಕೆಂದರೆ ಅವು ಅವಸರದವರಿಗಾಗಿ ಬರೆದವು. ಆರು ತಿಂಗಳ ವರೆಗಿನ ವೀಸಾ ಪಡೆದು ಮಕ್ಕಳ ಮನೆಯಲ್ಲಿ ಉಳಿಯುವ ತಂದೆತಾಯಿಗಳಿಗೆ ಅವಸರವಿಲ್ಲ. ಅವರಿಗೆ ಬೇಕಾದುದು ತಕ್ಕ ಪುಸ್ತಕ.

ಗೋಕಾಕರು ವಿದ್ಯಾರ್ಥಿಯಾಗಿ ಹೋದರು, ಕಾರಂತರು ಪಳಗಿದ ಕಲಾವಿದರಾಗಿ ಹೋದರು. ಮಕ್ಕಳನ್ನು ನೋಡಲು ಹೋಗುವ ಹಿರಿಯರು ಅವರಷ್ಟೇ ಅರ್ಹರಾದ ಮೂರನೆಯ ಬಗೆಯ ಯಾತ್ರಿಕರು. ಅವರನ್ನು ವಾಚಕರೆಂದು ಎಣಿಸಿ ಬರೆದ ಗ್ರಂಥ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ಅದು ಬರುವ ತನಕ ಆಯಾ ಮನೆಯವರೇ ತಮ್ಮ ಯಾತ್ರೆಗೆ ತಾವು ಒಂದೆರಡು ಪುಟ ಬರೆದುಕೊಳ್ಳಬಹುದು. ಉಣ್ಣೆಯ ಬಟ್ಟೆ ಕೊಳ್ಳುವ ಮುಂಚೆ ಒಂದು ಸಂಜೆ ಕುಳಿತು, ಹೊನ್ನಮ್ಮನ ಕಾಲಕ್ಕೆ ಅಲ್ಲಿ ಏನಾಗುತ್ತಿತ್ತು, ತಮ್ಮ ಊರಿನ ಕಲ್ಲನ್ನು ಓದಿದವರು ಅಲ್ಲಿ ಎಲ್ಲಿದ್ದರು, ಇಲ್ಲಿಂದ ಹೋದುದು ಅಲ್ಲಿ ಏನುಂಟು, ತಾವು ಕೇಳಿ ಬರಬೇಕಾದ ಪ್ರಶ್ನೆ ಯಾವುದು ಎಂದು ಬರೆದಿಟ್ಟರೆ ಮುಡಿಪು ಕಟ್ಟಿದಂತಾಯಿತು. ಮಕ್ಕಳು ಮಾಡಿಟ್ಟ ಪಟ್ಟಿಯನ್ನು ಆಮೇಲೆ ತೆರೆದು ನೋಡಿದರೆ ಯಾವ ಹೆಸರನ್ನು ಉಳಿಸಬೇಕು, ಯಾವುದನ್ನು ಹೊಡೆದುಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.